ಘಟ್ಟದ ಗಿಡ್ಡ ಹಳಿಗಳು: ಹಾಸನ, ಚಿಕ್ಕಮಗಳೂರಿನಿಂದ ಕಡಲಿಗೆ ರೈಲು ಇಳಿದ ಕತೆ

ಮಂಗಳೂರಿಗೆ ರೈಲು ಬಂದಿದ್ದು 1907ರಲ್ಲಿ. ಹಾಸನಕ್ಕೆ ಬಂದಿದ್ದು 1910ರ ದಶಕದ ಕೊನೆಯ ಹೊತ್ತಿಗೆ, ಮೈಸೂರು–ಅರಸೀಕೆರೆ ಮಾರ್ಗ ಹಾಕಿದಾಗ. ಎರಡೂ ಊರಿನ ನಡುವೆ ಹಳಿ ದೂರ ಸುಮಾರು 189 ಕಿ.ಮೀ. ಆದರೂ ಇವೆರಡಕ್ಕೂ ಹಳಿ ಜೋಡಣೆ ಆಗಿದ್ದು 1979ರಲ್ಲಿ. ಅಲ್ಲಿಯ ತನಕ ಹಾಸನದವರು ರೈಲಲ್ಲೇ ಮಂಗಳೂರಿಗೆ ಹೋಗ್ತೀವಿ ಅಂತ ಹಟ ಹಿಡಿದರೆ ಅರಸೀಕೆರೆ, ಬೆಂಗಳೂರು, ಜೋಲಾರ್‌ಪೇಟೆ, ಸೇಲಂ, ಪಾಲಕ್ಕಾಡ್, ಶೋರನೂರು, ಕಲ್ಲಿಕೋಟೆ ಎಲ್ಲ ಸುತ್ತಬೇಕಿತ್ತು. ಪಕ್ಕದ ಜಿಲ್ಲೆಗೆ ಹೋಗಲು ಮದ್ರಾಸು, ಕೇರಳ ಎರಡನ್ನೂ ದಾಟುವುದು! ಯಾರೂ ಹೋಗುತ್ತಿರಲಿಲ್ಲ ಬಿಡಿ, ಶಿರಾಡಿಯಲ್ಲಿ ಬಸ್ಸು ಇತ್ತು.

ಯಾಕೆ ಇಷ್ಟು ತಡ ಆಯ್ತು ಅಂತ ಕೇಳಿದರೆ ಎಲ್ಲರ ಬಾಯಲ್ಲೂ ಒಂದೇ ಉತ್ತರ: ‘ಘಟ್ಟ ಅಲ್ವಾ?’ ಅರ್ಧ ಮಾತ್ರ ನಿಜ. ಮುಂಬೈ ಹಿಂದಿನ ಭೋರ್ ಘಾಟಿಯನ್ನು ರೈಲು ಹತ್ತಿದ್ದು 1863ರಲ್ಲಿ. ಕ್ಯಾಸಲ್‌ರಾಕ್‌ನಿಂದ ಗೋವಾದ ಮರ್ಮಗೋವಾ ಬಂದರಿಗೆ 1880ರ ದಶಕದಲ್ಲೇ ಹಳಿ ಇಳಿದಿತ್ತು. ಅದೂ ಇದೇ ಪಶ್ಚಿಮ ಘಟ್ಟ, ಇದೇ ಮಳೆ. ಬಂಡೆ ಒಡೆಯುವುದು, ಸುರಂಗ ಕೊರೆಯುವುದು ಗೊತ್ತಿಲ್ಲದ ವಿದ್ಯೆ ಆಗಿರಲಿಲ್ಲ. ಅಷ್ಟು ದುಡ್ಡು ಸುರಿದರೆ ಆ ಹಳಿ ಮೇಲೆ ಏನು ಹೋಗುತ್ತೆ, ಏನು ಬರುತ್ತೆ ಅನ್ನುವ ಲೆಕ್ಕ ಮಾತ್ರ ಕೂಡಿ ಬರಲಿಲ್ಲ. ಘಟ್ಟದ ಆಸುಪಾಸಿನ ಯಾವ ಸಣ್ಣ ಮಾರ್ಗವನ್ನು ತೆಗೆದುಕೊಂಡರೂ ಅದರ ಹುಟ್ಟು, ಬದುಕು, ಸಾವು ಮೂರನ್ನೂ ನಿರ್ಧರಿಸಿದ್ದು ಸರಕು. ಪ್ರಯಾಣಿಕರ ಸರದಿ ಯಾವಾಗಲೂ ಆಮೇಲೆ.

ಅಮೆರಿಕದಲ್ಲಿ ‘ಶಾರ್ಟ್ ಲೈನ್’ ಅಂತ ಒಂದು ಪದ್ಧತಿ ಇದೆ. ದೊಡ್ಡ ರೈಲ್ವೆ ಕಂಪನಿಗಳು ದೇಶದುದ್ದಕ್ಕೂ ಗಾಡಿ ಓಡಿಸುತ್ತವೆ. ಅವುಗಳ ಕವಲಿನಲ್ಲಿ ಸಣ್ಣ ಕಂಪನಿಗಳು ಇರುತ್ತವೆ. ಇಂಥವು ಅಲ್ಲಿ ಸುಮಾರು 600 ಇವೆ. ಒಂದು ಮರದ ಮಿಲ್ಲಿನಿಂದ ಎರಡು ವ್ಯಾಗನ್, ಒಂದು ಗೊಬ್ಬರದ ಗೋಡೌನಿಗೆ ನಾಲ್ಕು ವ್ಯಾಗನ್, ಹೀಗೆ ಚಿಲ್ಲರೆ ಸರಕನ್ನು ಕೂಡಿಸಿ ದೊಡ್ಡ ಕಂಪನಿಯ ಹಳಿಗೆ ಒಪ್ಪಿಸುವುದು ಅವರ ಕೆಲಸ. 1980ರ ಸ್ಟಾಗರ್ಸ್ ಕಾಯ್ದೆ ಬಂದ ಮೇಲೆ ದೊಡ್ಡ ಕಂಪನಿಗಳು ನಷ್ಟದ ಕವಲುಗಳನ್ನು ಮಾರುವುದು ಸಲೀಸಾಯಿತು. ಕೊಂಡವರು ಕಡಿಮೆ ಜನ, ಹಳೇ ಎಂಜಿನ್ ಇಟ್ಟುಕೊಂಡು ಅವನ್ನೇ ನಡೆಸಿದರು.

ನಮ್ಮಲ್ಲಿ ಅಂಥದ್ದು ಇರಲಿಲ್ಲವೇ? ಇತ್ತು. ಮೈಸೂರು ಸಂಸ್ಥಾನದಲ್ಲೇ ಇತ್ತು.

ಚಿಕ್ಕಮಗಳೂರು ಜಿಲ್ಲೆಗೆ ರೈಲು ಬಂದಿದ್ದು ಹಾಸನ ಪಟ್ಟಣಕ್ಕಿಂತ ಮೊದಲೇ. ಬೆಂಗಳೂರಿನಿಂದ ಹರಿಹರಕ್ಕೆ ಹೋಗುವ ಮೀಟರ್‌ಗೇಜ್ (ಎರಡು ಹಳಿಗಳ ನಡುವೆ ಒಂದು ಮೀಟರ್ ಅಂತರದ) ಮಾರ್ಗ 1889ರಲ್ಲಿ ಮುಗಿದಾಗ ಕಡೂರು, ಬೀರೂರು ನಕ್ಷೆಗೆ ಬಂದವು. 1899ರಲ್ಲಿ ಬೀರೂರಿನಿಂದ ಶಿವಮೊಗ್ಗಕ್ಕೆ ಕವಲು ಒಡೆಯಿತು. ತರೀಕೆರೆ ಆ ಕವಲಿನ ಮೇಲಿದೆ. ತರೀಕೆರೆಯಿಂದ ಪಶ್ಚಿಮಕ್ಕೆ, ಕಾಡಿನೊಳಗೆ, ಇನ್ನೂ ಒಂದು ಮರಿ ಕವಲು ಹೊರಟಿತು: ತರೀಕೆರೆ–ನರಸಿಂಹರಾಜಪುರ ಲೈಟ್ ರೈಲ್ವೆ. ಇದು 1910ರ ದಶಕದ ಮಾತು. ಉದ್ದ 40 ಕಿ.ಮೀ.ಗಿಂತ ಸ್ವಲ್ಪ ಜಾಸ್ತಿ. ಎನ್.ಆರ್.ಪುರದಲ್ಲಿ ರೈಲಿತ್ತು ಅಂದರೆ ಈಗಿನ ಹುಡುಗರು ನಗುತ್ತಾರೆ. ಆಗ ಅದರ ಹೆಸರು ಯಡೇಹಳ್ಳಿ. ಯುವರಾಜ ಕಂಠೀರವ ನರಸಿಂಹರಾಜ ಒಡೆಯರ ಹೆಸರು ಆಮೇಲೆ ಬಂದಿದ್ದು.

ಈ ಹಳಿಯ ಅಗಲ ಎರಡು ಅಡಿ, ಅಂದರೆ 610 ಮಿ.ಮೀ. ಒಬ್ಬ ಆಳು ಕಾಲು ಅಗಲಿಸಿ ನಿಂತರೆ ಒಂದೊಂದು ಪಾದ ಒಂದೊಂದು ಹಳಿಯ ಮೇಲೆ ಇಡಬಹುದು, ಅಷ್ಟೇ. ಇಷ್ಟು ಸಣ್ಣದು ಯಾಕೆ ಅಂದರೆ ಕಾಡಿನಲ್ಲಿ ಇದೇ ಸರಿ. ಹಳಿ ಕಿರಿದಾದಷ್ಟೂ ತಿರುವು ಬಿಗಿಯಾಗಿ ತಿರುಗಿಸಬಹುದು. ಗುಡ್ಡ ಅಡ್ಡ ಬಂದರೆ ಕಡಿಯುವ ಬದಲು ಬಳಸಿಕೊಂಡು ಹೋಗಬಹುದು. ಎಂಜಿನ್ ಹಗುರ, ಹಾಗಾಗಿ ಹಳಿಯ ಕಬ್ಬಿಣವೂ ತೆಳುವಾದರೆ ನಡೆಯುತ್ತದೆ, ಹಳ್ಳಕ್ಕೆ ಮರದ ತೊಲೆ ಹಾಕಿದರೂ ಸೇತುವೆ ಆಗುತ್ತದೆ. ಖರ್ಚು ಕಡಿಮೆ. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಇದೇ ಯೋಚನೆಯಲ್ಲಿ ಎರಡೂವರೆ ಅಡಿಯ, ಅಂದರೆ 762 ಮಿ.ಮೀ. ಹಳಿ ಹಾಕಿದ್ದರು.

ಇದರ ಹೊಟ್ಟೆಪಾಡು ಕಾಡಿನ ಮರ. ನಾಟಾ, ಸೌದೆ, ಇದ್ದಿಲು ಇವೇ ಈ ಸೀಮೆಯ ಸರಕು. ಬೆಂಕಿಪುರ ಅನ್ನಿಸಿಕೊಂಡಿದ್ದ ಭದ್ರಾವತಿಯಲ್ಲಿ ಕಬ್ಬಿಣದ ಕಾರ್ಖಾನೆ ಬಂತಲ್ಲ, 1923ರಲ್ಲಿ ಅದು ಕಬ್ಬಿಣ ಇಳಿಸತೊಡಗಿದಾಗ ಕುಲುಮೆಗೆ ಕಲ್ಲಿದ್ದಲು ಇರಲಿಲ್ಲ, ಕಟ್ಟಿಗೆ ಇದ್ದಿಲೇ ಗತಿ. ಮರ ತರಲು ಕಾಡಿನೊಳಗೆ ಸಣ್ಣ ಹಳಿಗಳು ಹರಡಿದವು. ಅದಿರು ಕೆಮ್ಮಣ್ಣುಗುಂಡಿಯ ಮೇಲಿನದು. ಅದು ರೋಪ್‌ವೇಯ ತೊಟ್ಟಿಗಳಲ್ಲಿ ತೂಗಾಡಿಕೊಂಡು ತಣಿಗೆಬೈಲಿಗೆ ಇಳಿಯುತ್ತಿತ್ತು. ಅಲ್ಲಿಂದ ಮುಂದೆ ಪುಟ್ಟ ರೈಲು ಭದ್ರಾವತಿಗೆ ಒಯ್ಯುತ್ತಿತ್ತು. ಗುಡ್ಡದ ತುದಿಯಿಂದ ಕುಲುಮೆಯ ಬಾಯಿ ತನಕ ಒಂದೇ ಸರಪಳಿ. ನನ್ನ ಕೇಳಿದರೆ ನಮ್ಮ ಸೀಮೆಯಲ್ಲಿ ಶಾರ್ಟ್ ಲೈನ್ ಅನ್ನುವ ಮಾತಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲ್ಲ.

ಆಮೇಲೆ ರಸ್ತೆ ಬಂತು, ಲಾರಿ ಬಂತು. ಮರ ಕಡಿದ ಜಾಗಕ್ಕೇ ಲಾರಿ ಬರುವಾಗ ಹಳಿ ತನಕ ಎಳೆದು ತರುವವರು ಯಾರು? ಕಾರ್ಖಾನೆಯಲ್ಲಿ 1950ರ ದಶಕದಲ್ಲಿ ವಿದ್ಯುತ್ ಕುಲುಮೆಗಳು ಬಂದವು. ಲಕ್ಕವಳ್ಳಿಯಲ್ಲಿ ಭದ್ರಾ ಅಣೆಕಟ್ಟು ಎದ್ದು, ಆ ಸೀಮೆಯ ಕಾಡು, ಗದ್ದೆ, ದಾರಿ ಎಷ್ಟೋ ನೀರಿನಡಿ ಹೋಯಿತು. ಎನ್.ಆರ್.ಪುರಕ್ಕೆ ಇವತ್ತು ರೈಲಿಲ್ಲ.

ಈಗ ಕಡಲಿನ ಕಡೆ ಬರೋಣ.

ಸಕಲೇಶಪುರ, ಮೂಡಿಗೆರೆ ಕಡೆಯ ಕಾಫಿ 19ನೇ ಶತಮಾನದಲ್ಲಿ ಘಟ್ಟ ಇಳಿಯುತ್ತಿದ್ದದ್ದು ಎತ್ತಿನ ಗಾಡಿಯಲ್ಲಿ. ಸಿಪ್ಪೆ ತೆಗೆದು ಹದ ಮಾಡುವ ಕ್ಯೂರಿಂಗ್ ವರ್ಕ್ಸ್ ಮಂಗಳೂರಿನಲ್ಲಿದ್ದವು, ಹಡಗೂ ಅಲ್ಲೇ. ವಾಪಸು ಬರುವಾಗ ಗಾಡಿಗೆ ಉಪ್ಪು, ಒಣಮೀನು, ಆಮೇಲಾಮೇಲೆ ಮಂಗಳೂರು ಹೆಂಚು. ಹಾಗಾಗಿ ಅರಸೀಕೆರೆಯಿಂದ ಮಂಗಳೂರಿಗೆ ಹಳಿ ಹಾಕಬೇಕು ಅನ್ನುವ ಮಾತು ಬಹಳ ಹಿಂದೆಯೇ ಎದ್ದಿತ್ತು. ಆದರೆ ಮೈಸೂರು ಒಡೆಯರ ಸಂಸ್ಥಾನ, ಮಂಗಳೂರು ಮದ್ರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆ. ಘಟ್ಟದ ಮೇಲಿನವರ ಹಳಿ ಮೀಟರ್‌ಗೇಜ್, ಅಂದರೆ 1,000 ಮಿ.ಮೀ. ಕೆಳಗಿನವರದು ಬ್ರಾಡ್‌ಗೇಜ್, 1,676 ಮಿ.ಮೀ. ಗೇಜ್ ಬದಲಾದರೆ ವ್ಯಾಗನ್ ಮುಂದೆ ಹೋಗುವುದಿಲ್ಲ. ಹಮಾಲರು ಒಂದು ಗಾಡಿಯಿಂದ ಇಳಿಸಿ ಇನ್ನೊಂದಕ್ಕೆ ತುಂಬಬೇಕು. ಕೂಲಿ ಕೊಡಬೇಕು, ಮಳೆಗಾಲದಲ್ಲಿ ಮಾಲು ನೆನೆಯುತ್ತದೆ, ಮೂಟೆ ಒಡೆಯುತ್ತದೆ. ಮೈಸೂರು ಸರ್ಕಾರ ತನ್ನದೇ ಬಂದರು ಬೇಕು ಅಂತ ಭಟ್ಕಳದ ಮೇಲೂ ಕಣ್ಣಿಟ್ಟಿತ್ತು. ದಿವಾನ್ ವಿಶ್ವೇಶ್ವರಯ್ಯನವರಿಗೆ ಆ ಯೋಜನೆಯ ಮೇಲೆ ಬಹಳ ಆಸೆ ಇತ್ತು. ಆಗಲಿಲ್ಲ. ಕಾಫಿಯೊಂದನ್ನೇ ನಂಬಿ ಘಟ್ಟಕ್ಕೆ ಸುರಂಗ ಕೊರೆಯುವ ಧೈರ್ಯ ಯಾರೂ ಮಾಡಲಿಲ್ಲ. ತಪ್ಪೂ ಅಲ್ಲ. ಕಾಫಿಗೆ ಬೆಲೆ ಜಾಸ್ತಿ, ತೂಕ ಕಡಿಮೆ. ರೈಲಿಗೆ ಬೇಕಿರುವುದು ಉಲ್ಟಾ: ಬೆಲೆ ಕಡಿಮೆ ಇದ್ದರೂ ಪರವಾಗಿಲ್ಲ, ವರ್ಷಪೂರ್ತಿ ಟನ್ನುಗಟ್ಟಲೆ ಬರಬೇಕು.

1956ರಲ್ಲಿ ರಾಜ್ಯ ಒಂದಾಯಿತು, ಗಡಿಯ ತಕರಾರು ಹೋಯಿತು. ಮಂಗಳೂರಿನ ಪಣಂಬೂರಿನಲ್ಲಿ ಹೊಸ ಬಂದರಿನ, ಅಂದರೆ ನವ ಮಂಗಳೂರು ಬಂದರಿನ, ಕೆಲಸ ಶುರುವಾಯಿತು. ಬಂದರಿಗೆ ಸರಕು ಬೇಕು, ಹೊಸಪೇಟೆ–ಬಳ್ಳಾರಿ ಕಡೆ ಬೇಕಾದಷ್ಟು ಅದಿರು ಇದೆ. ಲೆಕ್ಕ ಕೂಡಿತು. 1960ರ ದಶಕದ ಮಧ್ಯದಲ್ಲಿ ಹಾಸನ–ಮಂಗಳೂರು ಮಾರ್ಗದ ಕೆಲಸ ಹಿಡಿದರು. 1974ರಲ್ಲಿ ನವ ಮಂಗಳೂರು ದೇಶದ ದೊಡ್ಡ ಬಂದರುಗಳ ಪಟ್ಟಿಗೆ ಸೇರಿತು. 1979ರಲ್ಲಿ ಹಳಿ ಕೂಡಿತು.

ಕಷ್ಟ ಎಲ್ಲ ಇದ್ದದ್ದು ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ತನಕದ 55 ಕಿ.ಮೀ.ನಲ್ಲಿ. ದೋಣಿಗಲ್, ಕಡಗರವಳ್ಳಿ, ಯಡಕುಮರಿ, ಸಿರಿಬಾಗಿಲು, ನಾಲ್ಕೇ ಸ್ಟೇಷನ್. ನಡುವೆ 57 ಸುರಂಗ, ನೂರಕ್ಕೂ ಮಿಕ್ಕಿ ಸೇತುವೆ. ಇಳಿಜಾರು ಐವತ್ತಕ್ಕೆ ಒಂದು. ಅಂದರೆ ಗಾಡಿ 50 ಮೀಟರ್ ಮುಂದೆ ಹೋದರೆ ಒಂದು ಮೀಟರ್ ಕೆಳಗೆ ಇಳಿದಿರುತ್ತದೆ. ಕೇಳಲು ಏನೂ ಅನ್ನಿಸಲ್ಲ. ಲೆಕ್ಕ ಹಾಕಿ ನೋಡಿ. ಇಪ್ಪತ್ತು ಬೋಗಿಯ ರೈಲು ಅಂದರೆ ಸುಮಾರು 480 ಮೀಟರ್ ಉದ್ದ. ಅದು ಪೂರ್ತಿ ಇಳಿಜಾರಿನಲ್ಲಿ ನಿಂತಿದ್ದಾಗ ಮೊದಲ ಬೋಗಿಗೂ ಕೊನೇ ಬೋಗಿಗೂ ಒಂಬತ್ತೂವರೆ ಮೀಟರ್ ಎತ್ತರದ ವ್ಯತ್ಯಾಸ. ಮೂರಂತಸ್ತಿನ ಮನೆಯಷ್ಟು.

ಹತ್ತುವಾಗ ಎಂಜಿನ್‌ಗೆ ತ್ರಾಸ. ಅದಕ್ಕೇ ಹಿಂದಿನಿಂದ ತಳ್ಳಲು ಬೇರೆ ಎಂಜಿನ್ ಹಾಕುತ್ತಾರೆ, ಬ್ಯಾಂಕರ್ ಅಂತಾರೆ. ಎಲ್ಲವನ್ನೂ ಮುಂದಿನಿಂದಲೇ ಎಳೆದರೆ ಬೋಗಿಗಳ ನಡುವಿನ ಕೊಂಡಿಯ ಮೇಲೆ ಭಾರ ಬಿದ್ದು ಅದು ತುಂಡಾದೀತು. ಹಿಂದಿನಿಂದ ತಳ್ಳಿದರೆ ಅರ್ಧ ಭಾರ ಹಂಚಿಹೋಗುತ್ತದೆ. ಆದರೆ ಡ್ರೈವರ್‌ಗಳಿಗೆ ಜಾಸ್ತಿ ಎಚ್ಚರ ಬೇಕಾಗಿದ್ದು ಇಳಿಯುವಾಗ. ತುಂಬಿದ ಗೂಡ್ಸ್ ಗಾಡಿ ಒಮ್ಮೆ ವೇಗ ಹಿಡಿಯಿತು ಅಂದರೆ ಚಕ್ರ ಕಚ್ಚಿದರೂ ನಿಲ್ಲುವ ಖಾತ್ರಿ ಇಲ್ಲ. ಹಾಗಾಗಿ ಮೊದಲಿನಿಂದಲೇ ಎಂಜಿನ್ನಿನ ಮೋಟರನ್ನೇ ಬ್ರೇಕಿನಂತೆ ಬಳಸಿ ನಿಧಾನ ಇಳಿಸುತ್ತಾರೆ.

ಅದೂ ಕೈಕೊಟ್ಟರೆ? ಇಂಥ ಘಟ್ಟ ಮಾರ್ಗಗಳಲ್ಲಿ ಕ್ಯಾಚ್ ಸೈಡಿಂಗ್ ಅಂತ ಒಂದು ಇರುತ್ತದೆ. ಇಳಿಜಾರಿನ ಕೆಳಗೆ, ಸ್ಟೇಷನ್ನಿಗೆ ಮೊದಲು, ಮುಖ್ಯ ಹಳಿಯಿಂದ ಒಂದು ಕವಲು ಪಕ್ಕದ ಗುಡ್ಡದ ಕಡೆ ಏರಿ ಅಲ್ಲೇ ಕೊನೆಯಾಗುತ್ತದೆ. ಹಳಿ ಬದಲಿಸುವ ಪಾಯಿಂಟ್ ಸಾಮಾನ್ಯವಾಗಿ ಆ ಕವಲಿನ ಕಡೆಗೇ ಇರುತ್ತದೆ, ಮುಖ್ಯ ಹಳಿಗಲ್ಲ. ಬರುವ ಗಾಡಿ ಮೊದಲು ನಿಲ್ಲಬೇಕು. ನಿಂತಿತು ಅಂದರೆ ಬ್ರೇಕ್ ಹಿಡಿಯುತ್ತಿದೆ ಅಂತ ಅರ್ಥ. ಆಮೇಲಷ್ಟೇ ಪಾಯಿಂಟ್ ತಿರುಗಿಸಿ ಸ್ಟೇಷನ್ನಿಗೆ ಬಿಡುತ್ತಾರೆ. ನಿಲ್ಲದೇ ಓಡಿ ಬಂದ ಗಾಡಿ ತಾನಾಗಿಯೇ ಏರು ಕವಲಿಗೆ ನುಗ್ಗಿ ಅಲ್ಲಿ ದಮ್ಮು ಕಳೆದುಕೊಳ್ಳುತ್ತದೆ. ಕಿಟಕಿ ಪಕ್ಕ ಕೂತವರು ‘ಇಲ್ಯಾಕೆ ಸುಮ್ನೆ ನಿಲ್ಲಿಸ್ತಾನೆ’ ಅಂತ ಗೊಣಗುತ್ತಾರೆ. ಸುಮ್ಮನೆ ಅಲ್ಲ.

ಸೇತುವೆ ಮೇಲೆ ಬಂದಾಗ ಕೆಳಗಿನ ಹೊಳೆ ನೋಡುವ ಬದಲು ಒಮ್ಮೆ ಪಕ್ಕದ ಹಳಿ ನೋಡಿ. ಎರಡು ಹಳಿಗಳ ಒಳಗೆ ಇನ್ನೂ ಎರಡು ಹಳಿ ಇರುತ್ತವೆ. ಅವುಗಳ ಮೇಲೆ ಯಾವ ಚಕ್ರವೂ ಓಡುವುದಿಲ್ಲ. ಚಕ್ರ ಏನಾದರೂ ಹಳಿ ತಪ್ಪಿದರೆ ಪಕ್ಕಕ್ಕೆ ಜಾರಿ ಪ್ರಪಾತಕ್ಕೆ ಬೀಳದಂತೆ ತಡೆಯಲು ಇಟ್ಟದ್ದು.

ಇಷ್ಟೆಲ್ಲ ಮಾಡಿ ಹಾಕಿದ ಮಾರ್ಗ ಮೀಟರ್‌ಗೇಜ್ ಆಗಿತ್ತು. ಇದು ಆ ಕಾಲದ ಲೆಕ್ಕಕ್ಕೆ ಸರಿ, ಯಾಕೆಂದರೆ ಘಟ್ಟದ ಮೇಲಿನ ಹಳಿ ಬಹುಪಾಲು ಮೀಟರ್‌ಗೇಜೇ. ಆದರೆ 1992ರಲ್ಲಿ ರೈಲ್ವೆ ದೇಶಕ್ಕೆಲ್ಲ ಒಂದೇ ಗೇಜ್, ಅದೂ ಬ್ರಾಡ್‌ಗೇಜ್, ಅಂತ ಹೊರಟಿತು. ಹಳಿ ಬದಲಿಸಲೆಂದು 1996ರಲ್ಲಿ ಘಟ್ಟದಲ್ಲಿ ಗಾಡಿ ನಿಂತಿತು. ಹದಿನೇಳು ವರ್ಷಕ್ಕೇ ಮುಗಿಯಿತು ಅದರ ಮೊದಲ ಆಯಸ್ಸು! ಅತ್ತ 1998ರಲ್ಲಿ ಕೊಂಕಣ ರೈಲು ಪೂರ್ತಿಯಾಗಿ ಮಂಗಳೂರಿನಿಂದ ಮುಂಬೈಗೆ ನೇರ ಗಾಡಿ ಓಡಿತು. ಇತ್ತ ಹಾಸನದ ಹಳಿ ಹುಲ್ಲು ಬೆಳೆದು ಬಿದ್ದಿತ್ತು. ಬೆಂಗಳೂರಿನ ಹುಡುಗರು ಬೆನ್ನಿಗೆ ಬ್ಯಾಗು ಹಾಕಿಕೊಂಡು ಯಡಕುಮರಿಗೆ ಟ್ರೆಕ್ಕಿಂಗ್ ಹೊರಟಿದ್ದು ಆಗಲೇ. ಈಗ ಅದು ಅಪರಾಧ, ದಂಡ ಬೀಳುತ್ತದೆ. ಸುರಂಗದೊಳಗೆ ಎದುರಿಂದ ಗಾಡಿ ಬಂದರೆ ಓಡಲು ಜಾಗ ಇಲ್ಲ, ದಯವಿಟ್ಟು ಹೋಗಬೇಡಿ.

ಗೇಜ್ ಬದಲಿಸುವ ದುಡ್ಡು ಬಜೆಟ್ಟಿನಲ್ಲಿ ಸಾಕಷ್ಟು ಬರಲಿಲ್ಲ. ಕೊನೆಗೆ 2003ರಲ್ಲಿ ಇದಕ್ಕೆಂದೇ ಒಂದು ಕಂಪನಿ ಮಾಡಿದರು: ಹಾಸನ ಮಂಗಳೂರು ರೈಲು ಅಭಿವೃದ್ಧಿ ಕಂಪನಿ. ರೈಲ್ವೆ ಸಚಿವಾಲಯ ಮತ್ತು ರಾಜ್ಯ ಸರ್ಕಾರ ಇದರ ಮುಖ್ಯ ಪಾಲುದಾರರು. ಕಂಪನಿ ದುಡ್ಡು ಹೊಂದಿಸುತ್ತದೆ, ಗಾಡಿ ಓಡಿಸುವುದು ರೈಲ್ವೆಯೇ. ಹಳಿ ಮೇಲೆ ಹೋದ ಸರಕಿನ ಆದಾಯದಲ್ಲಿ ಕಂಪನಿಗೆ ಪಾಲು. ಒಂದು ತುಂಡು ಮಾರ್ಗಕ್ಕೆ ಒಂದು ಕಂಪನಿ! ಅಮೆರಿಕದ ಶಾರ್ಟ್ ಲೈನಿಗೆ ಹತ್ತಿರ ಬಂತು ಅನ್ನಿಸುತ್ತದೆ. ಆದರೆ ಇದು ಮನೆಬಾಗಿಲಿಗೆ ಬಂದು ಚಿಲ್ಲರೆ ಸರಕು ಎತ್ತುವ ಕಂಪನಿ ಅಲ್ಲ. ಇದು ಕಾದು ಕೂತದ್ದು ಅದಿರಿನ ರೇಕ್‌ಗಳಿಗೆ, ಅಂದರೆ ಅದಿರು ತುಂಬಿದ ಇಡೀ ಗೂಡ್ಸ್ ಗಾಡಿಗಳಿಗೆ.

2006ರ ಮೇ ತಿಂಗಳಲ್ಲಿ ಗೂಡ್ಸ್ ಗಾಡಿ ಶುರು. ಪ್ರಯಾಣಿಕರ ರೈಲು 2007ರ ಡಿಸೆಂಬರಿನಲ್ಲಿ. ಅಂದರೆ ಜನರಿಗೆ ಹನ್ನೊಂದು ವರ್ಷ ರೈಲಿರಲಿಲ್ಲ. ಸರಕಿಗೆ ಹಸಿರು ಬಾವುಟ ತೋರಿಸಿ ಒಂದೂವರೆ ವರ್ಷ ಆದ ಮೇಲೆ ನಮ್ಮ ನೆನಪಾಯಿತು. ಸುರಕ್ಷತೆಯ ಕಾರಣ ಇದ್ದೀತು, ಇರಲಿ. ಸರದಿ ಯಾರದು ಮೊದಲು ಅನ್ನುವುದಂತೂ ಕಾಣುತ್ತದೆ.

ಆಮೇಲೆ 2010ರ ಜುಲೈಯಲ್ಲಿ ರಾಜ್ಯ ಸರ್ಕಾರ ಅದಿರು ರಫ್ತು ನಿಲ್ಲಿಸಿತು. ಮರುವರ್ಷ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಗೇ ತಡೆ ಹಾಕಿತು. ಅಕ್ರಮ ಗಣಿಗಾರಿಕೆಗೆ ಅದು ಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಯಾವ ಸರಕನ್ನು ನಂಬಿ ಈ ಹಳಿ ಹಾಕಿದ್ದರೋ, ಮತ್ತೆ ಹಾಕಿದ್ದರೋ, ಅದೇ ಕೈಬಿಟ್ಟಿತು. ಬಂದರಿನಿಂದ ಮೇಲಕ್ಕೆ ಬರುವ ಕಲ್ಲಿದ್ದಲು, ಗೊಬ್ಬರ ಇವುಗಳಿಂದ ಮಾರ್ಗ ನಡೆಯಬೇಕಾಯಿತು.

ಉಳಿದ ಸರಕು ಎಲ್ಲಿ ಹೋಯಿತು ಅಂತ ಕೇಳಿ. ಒಂದಿಷ್ಟು ಸರಕು ಕೊಳವೆ ಹಿಡಿಯಿತು. ಚಿಕ್ಕಮಗಳೂರು ಜಿಲ್ಲೆಯ ಕುದುರೆಮುಖದಲ್ಲಿ ಗಣಿ ಮಾಡಿದಾಗ ಅದಿರು ತರಲು ರೈಲು ಹಾಕಲೇ ಇಲ್ಲ. ಅದಿರನ್ನು ಪುಡಿ ಮಾಡಿ, ನೀರಿಗೆ ಕಲಸಿ, 67 ಕಿ.ಮೀ. ಉದ್ದದ ಕೊಳವೆಯಲ್ಲಿ ಮಂಗಳೂರಿಗೆ ಬಿಟ್ಟರು. ಘಟ್ಟದ ಇಳಿಜಾರು ರೈಲಿಗೆ ಶತ್ರು, ಕೊಳವೆಗೆ ನೆಂಟ: ಕೆಸರು ತಾನೇ ಇಳಿದು ಹೋಗುತ್ತದೆ. 2005ರ ಕೊನೆಗೆ ಕೋರ್ಟ್ ಆದೇಶದಿಂದ ಆ ಗಣಿಯೂ ನಿಂತಿತು. ಪೆಟ್ರೋಲು, ಡೀಸೆಲ್ ಕತೆಯೂ ಇದೇ. ಮಂಗಳೂರಿನಿಂದ ಹಾಸನದ ಮೇಲೆ ಬೆಂಗಳೂರಿಗೆ 2003ರಲ್ಲಿ ಪೈಪ್‌ಲೈನ್ ಶುರುವಾಯಿತು. ಅಡುಗೆ ಅನಿಲಕ್ಕೆ ಇನ್ನೊಂದು ಪೈಪು ಬಂತು. ಹಳಿಗೆ ಕಂಪನಿ ಹುಟ್ಟಿದ ವರ್ಷವೇ ಟ್ಯಾಂಕರ್ ರೈಲಿಗೆ ಸಿಗಬಹುದಾಗಿದ್ದ ಸರಕು ಪೈಪಿನ ಪಾಲಾಯಿತು.

ಕಾಫಿ ಯಾಕೆ ಇನ್ನೂ ಲಾರಿಯಲ್ಲೇ ಹೋಗುತ್ತದೆ ಅನ್ನುವುದಕ್ಕೂ ಉತ್ತರ ಇಲ್ಲೇ ಇದೆ. ರೈಲ್ವೆ ವ್ಯವಹಾರ ಮಾಡುವುದು ರೇಕ್ ಲೆಕ್ಕದಲ್ಲಿ. ಒಂದು ಅದಿರಿನ ರೇಕ್ ಅಂದರೆ 58 ವ್ಯಾಗನ್, ಸುಮಾರು 3,500 ಟನ್. ಒಬ್ಬ ಪ್ಲಾಂಟರ್ ಹತ್ತಿರ ಇರುವುದು ಒಂದೆರಡು ಲಾರಿ ಲೋಡು. ಅದನ್ನು ಕೂಡಿಸಿ ರೇಕ್ ಮಾಡಿ ಕೊಡುವ ನಡುವಿನ ವ್ಯಕ್ತಿ, ಅಂದರೆ ಶಾರ್ಟ್ ಲೈನಿನವನು, ನಮ್ಮಲ್ಲಿ ಇಲ್ಲ. ಲಾರಿಯವನು ತೋಟದ ಕಣಕ್ಕೇ ಬರುತ್ತಾನೆ, ಸಂಜೆ ಲೋಡು ಮಾಡಿದರೆ ಬೆಳಿಗ್ಗೆ ಮುಟ್ಟಿಸುತ್ತಾನೆ.

ಮಳೆಯ ವಿಷಯ ಬಿಟ್ಟರೆ ಕತೆ ಪೂರ್ತಿ ಆಗಲ್ಲ. 2018ರ ಆಗಸ್ಟ್‌ನಲ್ಲಿ ಘಟ್ಟದಲ್ಲಿ ಹತ್ತಾರು ಕಡೆ ಗುಡ್ಡ ಕುಸಿದು ವಾರಗಟ್ಟಲೆ ರೈಲು ನಿಂತಿತು. 2024ರ ಜುಲೈ 26ರಂದು ಯಡಕುಮರಿ ಮತ್ತು ಕಡಗರವಳ್ಳಿ ನಡುವೆ ಹಳಿಯ ಕೆಳಗಿನ ಮಣ್ಣೇ ಜಾರಿತು. ಮರಳಿನ ಮೂಟೆ, ತಂತಿ ಬಲೆಯಲ್ಲಿ ತುಂಬಿದ ಕಲ್ಲು ಪೇರಿಸಿ, ಮಳೆಯಲ್ಲೇ ಹಗಲು ರಾತ್ರಿ ಕೆಲಸ ಮಾಡಿ ಮತ್ತೆ ಗಾಡಿ ಬಿಡಲು ಸುಮಾರು ಎರಡು ವಾರ ಹಿಡಿಯಿತು. ಅಲ್ಲಿಗೆ ರಸ್ತೆ ಇಲ್ಲ. ಜೆಸಿಬಿಯಿಂದ ಹಿಡಿದು ಊಟದ ತನಕ ಬಹುಪಾಲು ಹಳಿಯ ಮೇಲೇ ಹೋಗಬೇಕು. ಇಂಥ ಮಾರ್ಗದಲ್ಲಿ ಮಳೆಗಾಲದಲ್ಲಿ ಟಾರ್ಚು ಹಿಡಿದು ನಡೆಯುವ ಗ್ಯಾಂಗ್‌ಮನ್‌ಗಳ ಮೇಲೆ ಎಲ್ಲ ನಿಂತಿದೆ.

ಇನ್ನೊಂದು ತಮಾಷೆ ನೋಡಿ. ರಾಜ್ಯದ ಗಡಿ 1956ರಲ್ಲೇ ಅಳಿಸಿತು ಅಂದೆನಲ್ಲ, ರೈಲ್ವೆಯ ಗಡಿ ಇನ್ನೂ ಅಳಿಸಿಲ್ಲ. ಹಾಸನದಿಂದ ಬರುವ ಹಳಿ ನೈಋತ್ಯ ರೈಲ್ವೆಯ ಮೈಸೂರು ವಿಭಾಗದ್ದು. ಮಂಗಳೂರಿನ ಸ್ಟೇಷನ್‌ಗಳು ದಕ್ಷಿಣ ರೈಲ್ವೆಯ ಪಾಲಕ್ಕಾಡ್ ವಿಭಾಗದವು. ಉತ್ತರಕ್ಕೆ ತೋಕೂರು ದಾಟಿದರೆ ಕೊಂಕಣ ರೈಲ್ವೆ. ಒಂದೇ ಊರಿನಲ್ಲಿ ಮೂವರು ಯಜಮಾನರು. ಹೊಸ ಗಾಡಿ ಕೇಳಿದರೆ ಪ್ಲಾಟ್‌ಫಾರ್ಮ್ ಒಬ್ಬರದು, ಹಳಿ ಇನ್ನೊಬ್ಬರದು.

ಪ್ರಯಾಣಿಕರ ಮಟ್ಟಿಗೆ ಅನುಕೂಲ ಆಗಿದ್ದು ಇತ್ತೀಚೆಗೆ. 2017ರಲ್ಲಿ ಶ್ರವಣಬೆಳಗೊಳ, ಕುಣಿಗಲ್ ಮೇಲೆ ಹಾಸನದಿಂದ ಬೆಂಗಳೂರಿಗೆ ನೇರ ಹಳಿ ಬಂತು, ಅರಸೀಕೆರೆ ಸುತ್ತುವುದು ತಪ್ಪಿತು. 2021ರಲ್ಲಿ ಯಶವಂತಪುರ–ಮಂಗಳೂರು ಗಾಡಿಗೆ ಗಾಜಿನ ಚಾವಣಿಯ ವಿಸ್ಟಾಡೋಮ್ ಬೋಗಿ ಹಾಕಿದರು. ಅದಿರಿಗೆಂದು ಕೊರೆದ ಸುರಂಗಗಳನ್ನು ಈಗ ಜನ ಜಾಸ್ತಿ ದುಡ್ಡು ಕೊಟ್ಟು ನೋಡಲು ಬರುತ್ತಾರೆ.

ಚಿಕ್ಕಮಗಳೂರು ಪಟ್ಟಣಕ್ಕೆ ರೈಲು ಬಂದಿದ್ದು 2013ರ ನವೆಂಬರಿನಲ್ಲಿ. ಜಿಲ್ಲೆಗೆ ಮೊದಲ ರೈಲು ಬಂದು ನೂರಿಪ್ಪತ್ತು ವರ್ಷ ಕಳೆದಿತ್ತು. ಕಡೂರಿನಿಂದ ಸಖರಾಯಪಟ್ಟಣದ ಮೇಲೆ 46 ಕಿ.ಮೀ., ಅಲ್ಲಿಗೆ ಮುಗಿಯಿತು. ಮೂಲ ಯೋಜನೆ ಅದನ್ನು ಸಕಲೇಶಪುರಕ್ಕೆ ಒಯ್ದು ಮಂಗಳೂರು ಮಾರ್ಗಕ್ಕೆ ಸೇರಿಸುವುದಾಗಿತ್ತು. ಆಮೇಲೆ ದಿಕ್ಕು ಬದಲಾಗಿ ಬೇಲೂರಿನ ಮೇಲೆ ಹಾಸನಕ್ಕೆ ತಿರುಗಿತು. ಅದು ಕೂಡಿದರೆ ಕಡೂರು ಕಡೆಯ ಗಾಡಿ ಅರಸೀಕೆರೆಗೆ ಹೋಗದೆ ಹಾಸನ ಮುಟ್ಟಿ ಘಟ್ಟ ಇಳಿಯಬಹುದು. ಬೇಲೂರಿನಲ್ಲಿ ಇಳಿದು ದೇವಸ್ಥಾನ ನೋಡಬಹುದು, ಅದಕ್ಕೆ ಜನ ಖಂಡಿತ ಬರುತ್ತಾರೆ. ಸರಕಿನ ವಿಷಯಕ್ಕೆ ಬಂದರೆ ಈ ಮಾರ್ಗದಲ್ಲಿ ಗಣಿ ಇಲ್ಲ, ಕಾರ್ಖಾನೆ ಇಲ್ಲ. ಇರುವುದು ಕಾಫಿ, ಮೆಣಸು, ಅಡಿಕೆ, ಆಲೂಗಡ್ಡೆ, ಜೋಳ. ಚಿಕ್ಕಮಗಳೂರಿನಲ್ಲೋ ಬೇಲೂರಿನಲ್ಲೋ ನಾಲ್ಕು ಕಂಟೇನರ್ ಇದ್ದರೂ ಎತ್ತಿಕೊಂಡು ಪಣಂಬೂರಿನ ಗಾಡಿಗೆ ಜೋಡಿಸುವವರು ಬೇಕು. ಈಗಿನ ನಿಯಮದಲ್ಲಿ ಅಂಥ ಕೆಲಸಕ್ಕೆ ಜಾಗ ಕಡಿಮೆ. ಸದ್ಯಕ್ಕೆ ಹಾಸನದ ಕ್ಯೂರಿಂಗ್ ವರ್ಕ್ಸ್‌ಗಳ ಕಂಟೇನರ್‌ಗಳು ಲಾರಿ ಮೇಲೆ ಮಾರನಹಳ್ಳಿ ದಾಟಿ ಶಿರಾಡಿಯಲ್ಲೇ ಇಳಿಯುತ್ತಿವೆ.